ಜಮಖಂಡಿಯ ಡಿಸೈನ್ ಅಂಗಡಿಗೆ 50 ಸಾವಿರದ ಕಂಪ್ಯೂಟರ್: ಆ ಕೊಟೇಶನ್‌ಗೆ ಮುಂಗಡ ಕೊಡಬೇಡಿ

ನಮಸ್ಕಾರ ಸರ್. ಜಮಖಂಡಿಯಲ್ಲಿ ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಡಿಸೈನ್ ಅಂಗಡಿ, ಹಗಲು ಡಿಸೈನ್‌ಗೆ ಕೋರೆಲ್‌ಡ್ರಾ, ಫೋಟೊಶಾಪ್, ಕನ್ನಡ ಟೈಪಿಂಗ್‌ಗೆ ನುಡಿ, ರಾತ್ರಿ ಮಗನ ಡಿಪ್ಲೊಮಾ ಓದು, ಜತೆಗೆ ಒಂದಿಷ್ಟು ಆಟ. ಮಾನಿಟರ್, ಕೀಬೋರ್ಡ್ ಹಳೆಯವೇ ಇವೆ, ಕೈಯಲ್ಲಿ 50 ಸಾವಿರ ಇದೆ ಎಂದು ಬರೆದಿದ್ದೀರಿ. ಅಂಗಡಿಯವರ ಕೊಟೇಶನ್ ಕೂಡ ಹಾಕಿದ್ದೀರಿ: ‘ಐ7, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್, ಎಸ್‌ಎಂಪಿಎಸ್ ಸಹಿತ ಕ್ಯಾಬಿನೆಟ್, ಒಟ್ಟು 42,000.’ ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಆ ಚೀಟಿಯಲ್ಲಿ ಒಂದಕ್ಕಾದರೂ ಮಾಡೆಲ್ ನಂಬರ್ ಇಲ್ಲ. ಮೊದಲು ಅದನ್ನು ಕೇಳಿ. ಐ7 ಎಂದರೆ ಇಂಟೆಲ್ ಪ್ರೊಸೆಸರ್‌ನ ದರ್ಜೆ ಮಾತ್ರ ತಿಳಿಯುತ್ತದೆ, ವಯಸ್ಸು ತಿಳಿಯುವುದಿಲ್ಲ. 2012ರ ಐ7-3770 ಕೂಡ ಐ7, 2013ರ ಐ7-4770 ಕೂಡ ಐ7. ಎರಡರಲ್ಲೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). 2022ರ ಆರಂಭದಲ್ಲಿ ಬಂದ ಐ3-12100ರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್ ಇವೆ, ಆದರೆ ಅದು ಈ ಹಳೆಯ ಐ7ಗಳನ್ನು ಸಲೀಸಾಗಿ ಹಿಂದಿಕ್ಕುತ್ತದೆ. ಹಳೆಯ ಪ್ರೊಸೆಸರ್ ಅನ್ನು ಹೊಸ ಡಬ್ಬಿಯ ಅಗ್ಗದ ಮದರ್‌ಬೋರ್ಡ್‌ಗೆ ಕೂರಿಸಿ, ಮಿನುಗುವ ಕ್ಯಾಬಿನೆಟ್‌ನಲ್ಲಿ ಹಾಕಿ ಮಾರುವುದು ಎಲ್ಲ ಊರುಗಳಲ್ಲೂ ನಡೆಯುತ್ತದೆ. ‘4 ಜಿಬಿ ಗ್ರಾಫಿಕ್ಸ್’ ಎಂದರೆ ಜಿಟಿ 730 ಆಗಿರಬಹುದು ಎಂಬುದು ನನ್ನ ಗುಮಾನಿ. ಅದು 2014ರ ಕಾರ್ಡ್. ಮೆಮೊರಿ 4 ಜಿಬಿ ಇದ್ದರೂ ಅದನ್ನು ಬಳಸಿಕೊಳ್ಳುವ ಕಸುವು ಅದಕ್ಕಿಲ್ಲ.

ವಿಂಡೋಸ್ ಮಾತೂ ಇದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಮೇಲಿನ 3770, 4770ರಂಥ ಮೂರನೇ, ನಾಲ್ಕನೇ ತಲೆಮಾರಿನ ಯಂತ್ರದಲ್ಲಿ ವಿಂಡೋಸ್ 11 ಅನ್ನು ಅಡ್ಡದಾರಿಯಿಂದ ಹಾಕಿಕೊಡುತ್ತಾರೆ. ಗಿರಾಕಿಗಳ ಕೆಲಸ ನಡೆಯುವ ಅಂಗಡಿಯಲ್ಲಿ ಅಂಥದ್ದಕ್ಕೆ ಹೊಸ ದುಡ್ಡು ಸುರಿಯುವುದು ಬೇಡ.

ಇನ್ನು ನಾನಾದರೆ ಏನು ತೆಗೆದುಕೊಳ್ಳುತ್ತೇನೆ ಎಂದು ಹೇಳುತ್ತೇನೆ. ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಬೇಸಿಗೆ, ದೂಳು ಮತ್ತು ಕರೆಂಟು ನೋಡಿದವನಾಗಿ ನಾನು, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದಿಸಿಕೊಡುವ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಶುರು ಮಾಡುತ್ತೇನೆ. ಪ್ರೊಸೆಸರ್ ಸ್ವಲ್ಪ ನಿಧಾನವಾದರೆ ಕೆಲಸ ಎರಡು ನಿಮಿಷ ತಡವಾಗುತ್ತದೆ, ಅಷ್ಟೇ. ಎಸ್‌ಎಂಪಿಎಸ್ ಕೆಟ್ಟದ್ದಾದರೆ ಅದು ಹೋಗುವಾಗ ಬೋರ್ಡ್, ಡಿಸ್ಕ್ ಎರಡನ್ನೂ ಎಳೆದುಕೊಂಡು ಹೋಗುವ ಅಪಾಯವಿದೆ.

ಕ್ಯಾಬಿನೆಟ್ ಜತೆ ಬರುವ ಎಸ್‌ಎಂಪಿಎಸ್ ಕೈಗೆತ್ತಿಕೊಂಡು ಪಕ್ಕದ ಚೀಟಿ ಓದಿ. ಮೇಲೆ ದೊಡ್ಡದಾಗಿ 450 ಅಥವಾ 500 ಎಂದಿರುತ್ತದೆ. ಕೆಳಗೆ ಸಣ್ಣ ಅಕ್ಷರದ ಕೋಷ್ಟಕದಲ್ಲಿ +12ವಿ ಎಂಬ ಕಂಬ ನೋಡಿ, ಅಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಈಗಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲವೂ ತಿನ್ನುವುದು ಆ 12 ವೋಲ್ಟ್ ಸಾಲಿನಿಂದಲೇ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ನಿಮಗೆ ನಿಜವಾಗಿ ಸಿಗುವುದು ಅಷ್ಟೇ, ಮೇಲಿನ 500 ಬರೀ ಬಣ್ಣ. ಒಳ್ಳೆಯ 450 ವ್ಯಾಟ್‌ನದರಲ್ಲಿ ಆ ಜಾಗದಲ್ಲಿ 36ರ ಆಸುಪಾಸು ಇರುತ್ತದೆ. ಅದೇ ಚೀಟಿಯಲ್ಲಿ ‘ಇನ್‌ಪುಟ್’ ಎಂಬಲ್ಲಿ 100ರಿಂದ 240 ವೋಲ್ಟ್ ಎಂದಿರುವುದನ್ನೇ ಆರಿಸಿ. ಕೆಲವು ಒಳ್ಳೆಯ ಕಂಪನಿಗಳದ್ದೂ 200ರಿಂದ 240ಕ್ಕೆ ಮಾತ್ರ ಇರುತ್ತವೆ. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವ ಬೀದಿಯಲ್ಲಿ ಅವು ತಾಳಿಕೊಳ್ಳುತ್ತವೆ ಎಂಬ ಭರವಸೆ ಇಲ್ಲ. 80 ಪ್ಲಸ್ ಬ್ರಾಂಜ್ ಗುರುತಿನ 500 ಅಥವಾ 550 ವ್ಯಾಟ್‌ನದ್ದಕ್ಕೆ ನಾಲ್ಕೈದು ಸಾವಿರ ಎತ್ತಿಡಿ. ಒಂದು ವಿಷಯ ನೆನಪಿಡಿ: 80 ಪ್ಲಸ್ ಎಂಬುದು ಎಷ್ಟು ವಿದ್ಯುತ್ ಪೋಲಾಗುತ್ತದೆ ಎಂಬುದರ ಪ್ರಮಾಣಪತ್ರ, ಬಾಳಿಕೆಯದ್ದಲ್ಲ. ಬಾಳಿಕೆಗೆ ವಾರಂಟಿ ನೋಡಿ. ಐದು ವರ್ಷ ಕೊಡುವವರದ್ದನ್ನು ನಾನು ನೆಚ್ಚಿಕೊಳ್ಳುತ್ತೇನೆ.

ಈಗಿನ ಕಂಪ್ಯೂಟರ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಕೊನೆಯಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೀರಲ್ಲ, ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಗತಿ. ಅದು ಅರ್ಥಿಂಗ್ ಇಲ್ಲದ ಲಕ್ಷಣ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಜೋಡಿಸಿರುತ್ತವೆ. ಮೂರನೇ ಪಿನ್‌ನಿಂದ ನೆಲಕ್ಕೆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು ಅರ್ಧದಷ್ಟು, ಅಂದರೆ 110-115 ವೋಲ್ಟ್ ಬಂದು ನಿಲ್ಲುತ್ತದೆ. ಕರೆಂಟಿನ ಪ್ರಮಾಣ ತೀರ ಕಡಿಮೆ ಇರುವುದರಿಂದ ಜುಮ್ ಎಂದು ಮುಗಿಯುತ್ತದೆ. ಆದರೆ ಪ್ರಿಂಟರ್, ಪೆನ್‌ಡ್ರೈವ್ ಚುಚ್ಚುವಾಗ ಪೋರ್ಟ್‌ಗಳು ಸುಡಲು ಅಷ್ಟು ಸಾಕು. ಹೊಸ ಕಂಪ್ಯೂಟರ್ ತಂದರೂ ಅದೇ ಪ್ಲಗ್‌ಗೆ ಹಾಕಿದರೆ ಅದೇ ಕಥೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮಲ್ಟಿಮೀಟರ್‌ನಿಂದ ಅಳೆಸಿ: ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಇರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮೀರಬಾರದು. ಅರ್ಥ್ ಗುಂಡಿ ಇದ್ದರೂ ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಗುಂಡಿಯೊಳಗಿನ ಲೋಹದ ಪಟ್ಟಿಯಿಂದ ಮಣ್ಣು ಬಿಟ್ಟುಕೊಳ್ಳುತ್ತದೆ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಆಗಾಗ ಗುಂಡಿಗೆ ನೀರು ಹಾಕಿಸಿ. ಕಟ್ಟಡದ ಮಾಲೀಕರು ಬೇರೆಯವರಾದರೆ ಅವರೊಂದಿಗೆ ಈಗಲೇ ಮಾತನಾಡಿ.

ಇದರ ನಂತರ ಪ್ರೊಸೆಸರ್. ನಿಮ್ಮ ಕೆಲಸಕ್ಕೆ ಇಂಟೆಲ್ ಐ5-12400 ನನ್ನ ಆಯ್ಕೆ. ಆರು ಕೋರ್, ಹನ್ನೆರಡು ಥ್ರೆಡ್. ಕೋರೆಲ್‌ಡ್ರಾದ ಬಹುಪಾಲು ಕೆಲಸ ಒಂದೊಂದು ಕೋರ್‌ನ ವೇಗವನ್ನೇ ನೆಚ್ಚಿಕೊಂಡಿದೆ, ಅಲ್ಲಿ ಇದು ಚುರುಕಾಗಿದೆ. ಡಬ್ಬಿಯ ಮೇಲೆ 12400ರ ಕೊನೆಯಲ್ಲಿ ಎಫ್ ಅಕ್ಷರ ಇರಬಾರದು. ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಪ್ರತ್ಯೇಕ ಕಾರ್ಡ್ ಹಾಕದ ಹೊರತು ಪರದೆಯೇ ಮೂಡುವುದಿಲ್ಲ. ಸ್ವಲ್ಪ ಅಗ್ಗ ಎಂದು ಅದನ್ನೇ ಕೈಗಿಡುವವರಿದ್ದಾರೆ. ಎಎಂಡಿಯ ರೈಜನ್ 5 5600ಜಿ ಕೂಡ ಚೆನ್ನಾಗಿದೆ. ಅದರೊಳಗಿನ ಗ್ರಾಫಿಕ್ಸ್ ಇಂಟೆಲ್‌ನದಕ್ಕಿಂತ ಬಲವಾದದ್ದು, ಮಗನ ಆಟಕ್ಕೆ ಕಾರ್ಡ್ ಇಲ್ಲದೆಯೇ ಒಂದು ಮಟ್ಟಕ್ಕೆ ಸಾಕು. ಆದರೂ ಹೊಟ್ಟೆಪಾಡಿನ ಕೆಲಸ ಹಗಲಿನದ್ದು, ಆದ್ದರಿಂದ ನನ್ನ ಮತ 12400ಕ್ಕೆ. ಆಟಕ್ಕೆ ಬೇಕೆನಿಸಿದರೆ ಮುಂದಿನ ವರ್ಷ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಸೇರಿಸಬಹುದು. ಅದು 70 ವ್ಯಾಟ್ ಮಾತ್ರ ಎಳೆಯುತ್ತದೆ, ಹೆಚ್ಚಿನವಕ್ಕೆ ಬೇರೆ ಪವರ್ ಕೇಬಲ್ ಕೂಡ ಬೇಡ. ಈಗಲೇ ಕಾರ್ಡ್‌ಗೆ ದುಡ್ಡು ಹಾಕಬೇಡಿ.

ಬೋರ್ಡ್‌ಗಳಲ್ಲಿ ಎಚ್610 ಚಿಪ್‌ಸೆಟ್‌ನದ್ದು ಅಗ್ಗ, ಆದರೆ ರ‍್ಯಾಮ್‌ಗೆ ಎರಡೇ ಜಾಗ. ದುಡ್ಡು ಹೊಂದಿದರೆ ನಾಲ್ಕು ಜಾಗವಿರುವ ಬಿ660 ಅಥವಾ ಬಿ760 ತೆಗೆದುಕೊಳ್ಳಿ. ಪ್ರೊಸೆಸರ್ ಪಕ್ಕದ ವಿದ್ಯುತ್ ಭಾಗದ ಮೇಲೆ ಅಲ್ಯೂಮಿನಿಯಂ ಹೊದಿಕೆ ಇರುವುದನ್ನೇ ಆರಿಸಿ, ಕೋಣೆಯೇ 40 ಡಿಗ್ರಿ ಇರುವಾಗ ಅದು ಕೆಲಸಕ್ಕೆ ಬರುತ್ತದೆ. ಈ ಪ್ರೊಸೆಸರ್ ಡಿಡಿಆರ್4, ಡಿಡಿಆರ್5 ಎಂಬ ಎರಡೂ ತಲೆಮಾರಿನ ಮೆಮೊರಿಗೆ ಹೊಂದುತ್ತದೆ, ಆದರೆ ಬೋರ್ಡ್‌ಗೆ ಕೂರುವುದು ಯಾವುದಾದರೂ ಒಂದೇ. ನಿಮ್ಮ ಹಳೆಯ ಯಂತ್ರದಲ್ಲಿ ಡಿಡಿಆರ್4 ಇದೆಯೇ ಎಂದು ಮೊದಲು ತೆರೆದು ನೋಡಿ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹರಿದುಹೋಗುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಹಳೆಯ ಒಂದು ಕಡ್ಡಿ ಉಳಿದರೂ ದೊಡ್ಡ ಉಳಿತಾಯ. ಹೊಸದನ್ನೇ ಕೊಳ್ಳುವುದಾದರೆ 16ರ ಒಂದರ ಬದಲು 8ರ ಎರಡು ಕೊಳ್ಳಿ. ಪ್ರತ್ಯೇಕ ಕಾರ್ಡ್ ಇಲ್ಲದಾಗ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುತ್ತದೆ, ಎರಡು ಕಡ್ಡಿಗಳಾದರೆ ಅದು ಓಡಾಡುವ ದಾರಿ ಇಮ್ಮಡಿ ಅಗಲವಾಗುತ್ತದೆ.

ಎಸ್‌ಎಸ್‌ಡಿ 500 ಜಿಬಿಯ ವೇಗದ ಎನ್‌ವಿಎಂಇ ಬಗೆಯದ್ದಿರಲಿ, ನಿಧಾನದ ಸಾಟಾ ಬೇಡ. ಗಿರಾಕಿಗಳ ಫೈಲ್‌ಗಳಿಗೆ ಹಳೆಯ ಹಾರ್ಡ್ ಡಿಸ್ಕ್ ಅನ್ನೇ ಒಳಗೆ ಜೋಡಿಸಿಕೊಳ್ಳಿ, ಜತೆಗೆ ಹೊರಗಿನ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಎಸ್‌ಎಸ್‌ಡಿ ಮುನ್ಸೂಚನೆ ಇಲ್ಲದೆ ಒಮ್ಮೆಲೇ ಕೈಕೊಡಬಹುದು. ಯಾರದೋ ಮದುವೆಯ ಫೋಟೊಗಳನ್ನು ಎರಡನೇ ಸಲ ತೆಗೆಯಲಾಗುವುದಿಲ್ಲ.

ಕ್ಯಾಬಿನೆಟ್ ಆರಿಸುವಾಗ ಮುಂಭಾಗ ಗಾಜಿನದ್ದು ಬೇಡ, ಜಾಲರಿಯದ್ದು ಬೇಕು, ಜಾಲರಿಯ ಹಿಂದೆ ಕಳಚಿ ತೊಳೆಯುವಂಥ ದೂಳಿನ ಫಿಲ್ಟರ್ ಇರಬೇಕು. ಎಂಥ ಕೂಲರ್ ಆದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಡಿಸೆಂಬರ್‌ನಲ್ಲಿ 60 ಡಿಗ್ರಿಯಲ್ಲಿ ಓಡುವ ಪ್ರೊಸೆಸರ್ ಏಪ್ರಿಲ್‌ನಲ್ಲಿ ಅದೇ ಕೆಲಸಕ್ಕೆ 75 ಮುಟ್ಟುತ್ತದೆ, ದೂಳು ಕಟ್ಟಿಕೊಂಡರೆ ಇನ್ನೂ ಮೇಲೆ. ಮುಂದೆ ಎರಡು ಫ್ಯಾನ್ ಒಳಗೆಳೆಯಲಿ, ಹಿಂದೆ ಒಂದು ಹೊರಹಾಕಲಿ. ನೆಲದ ಮೇಲೆ ಇಡಬೇಡಿ, ಕಸ ಗುಡಿಸಿದ್ದೆಲ್ಲ ಒಳಗೆ ಹೋಗುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕರೆಂಟು ಹೋದಾಗ ಫೈಲ್ ಉಳಿಸಿಕೊಳ್ಳಲು 600 ವಿಎ ಯುಪಿಎಸ್ ಸಾಕು. ಅದರಿಂದ ಸಾಮಾನ್ಯವಾಗಿ ಸಿಗುವುದು 360 ವ್ಯಾಟ್, ನಿಮ್ಮ ಯಂತ್ರ ಮತ್ತು ಮಾನಿಟರ್ ಅದರಲ್ಲಿ ಆರಾಮವಾಗಿ ನಡೆಯುತ್ತವೆ. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಎಂದೂ ಜೋಡಿಸಬೇಡಿ. ಅದರೊಳಗಿನ ಹೀಟರ್ ಕಾಯುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಯುಪಿಎಸ್ ಬಿದ್ದುಹೋಗುತ್ತದೆ, ಜತೆಗೆ ನಿಮ್ಮ ಕೆಲಸವೂ. ಅಂಗಡಿಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್‌ನದ್ದೇ (ಗೋಡೆಯ ಕರೆಂಟಿನಂತೆ ನುಣುಪಾದ ಅಲೆ ಕೊಡುವುದೇ) ಎಂದು ನೋಡಿ. ಅನೇಕ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಕಂಪ್ಯೂಟರ್ ಮರುಚಾಲೂ ಆಗದಷ್ಟು ಬೇಗ ಬದಲಾಯಿಸುತ್ತದೆ.

ಎಲ್ಲಿ ಕೊಳ್ಳುವುದು? ಪ್ರೊಸೆಸರ್ ಮತ್ತು ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ ತರಿಸಬಹುದು. ಬೋರ್ಡ್, ಎಸ್‌ಎಂಪಿಎಸ್ ಮಾತ್ರ ಕೆಟ್ಟರೆ ಹೊತ್ತುಕೊಂಡು ಹೋಗಿ ಕೇಳಬಹುದಾದ ಅಂಗಡಿಯಲ್ಲಿ ಕೊಳ್ಳಿ. ಜಮಖಂಡಿಯಲ್ಲಿ ಇಲ್ಲದಿದ್ದರೆ ವಿಜಯಪುರ ಅಥವಾ ಬೆಳಗಾವಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದೆರಡು ಸಾವಿರ ಕಡಿಮೆಯಾಗಬಹುದು, ವಾರಂಟಿಗೆ ಓಡಾಡುವಾಗ ಅದು ಬಸ್ ಚಾರ್ಜಿಗೇ ಹೋಗುತ್ತದೆ. ಪ್ರತಿಯೊಂದು ಭಾಗದ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದೆ ಶೇ 18 ಉಳಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ನಿಮ್ಮ ಅಂಗಡಿ ಸಾಮಾನ್ಯ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಆ ತೆರಿಗೆ ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ನಿಮಗೇ ಜಮೆಯಾಗುತ್ತದೆ, ನಿಮ್ಮ ಲೆಕ್ಕಿಗರನ್ನು ಒಮ್ಮೆ ಕೇಳಿ. ಡಬ್ಬಿಗಳನ್ನು ನಿಮ್ಮ ಎದುರೇ ಒಡೆಸಿ, ಖಾಲಿ ಡಬ್ಬಿಗಳನ್ನೂ ಮನೆಗೆ ತನ್ನಿ. ಜೋಡಿಸುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿ, ಡಿಪ್ಲೊಮಾ ಓದುವ ಹುಡುಗನಿಗೆ ಒಂದು ಮಧ್ಯಾಹ್ನದ ಒಳ್ಳೆಯ ಪಾಠ.

ಈ ಪಟ್ಟಿ ಹಿಡಿದುಕೊಂಡು ಇಬ್ಬರು ಅಂಗಡಿಯವರಿಂದ ಮಾಡೆಲ್ ನಂಬರ್ ಸಹಿತ ಹೊಸ ಕೊಟೇಶನ್ ಬರೆಸಿಕೊಂಡು ಇಲ್ಲಿ ಹಾಕಿ. ಜತೆಗೆ ಹಳೆಯ ಯಂತ್ರದ ರ‍್ಯಾಮ್ ಮೇಲಿನ ಚೀಟಿಯ ಫೋಟೊ, ಮಲ್ಟಿಮೀಟರ್‌ನಲ್ಲಿ ಬಂದ ಅಂಕಿಗಳೂ ಇರಲಿ. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬಹುದು ಎಂದು ಅದೇ ದಿನ ನೋಡಿ ಹೇಳುತ್ತೇನೆ.