ಗುಲಾಮಗಿರಿ ದಕ್ಷಿಣದಲ್ಲಿ ಹೇಗೂ ಇತ್ತು; 19ನೇ ಶತಮಾನದ ಅಮೆರಿಕದಲ್ಲಿ ಹೊಸ ಪ್ರಾಂತ್ಯಗಳ ಬಗ್ಗೆ ಅಷ್ಟು ಜಗಳ ಏಕೆ?

ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಲೆಕ್ಕಾಚಾರಕ್ಕಾಗಿ. ರಾಜ್ಯ ಚಿಕ್ಕದಿರಲಿ, ದೊಡ್ಡದಿರಲಿ, ಸೆನೆಟ್‌ನಲ್ಲಿ ಅದಕ್ಕೆ 2 ಸ್ಥಾನ. ಜನಸಂಖ್ಯೆಯಲ್ಲಿ ಉತ್ತರ ಮುಂದಿದ್ದರಿಂದ ಕೆಳಮನೆ ದಕ್ಷಿಣದ ಕೈತಪ್ಪಿತ್ತು. ಗುಲಾಮಗಿರಿ ವಿರೋಧಿ ಕಾನೂನುಗಳನ್ನು ತಡೆಯಲು ಉಳಿದದ್ದು ಸೆನೆಟ್ ಮಾತ್ರ. ಪ್ರಾಂತ್ಯ ಮುಂದೆ ರಾಜ್ಯವಾಗುತ್ತದೆ; ಹಾಗಾಗಿ ಪ್ರತಿ ಹೊಸ ಪ್ರಾಂತ್ಯವೂ ಸೆನೆಟ್‌ನಲ್ಲಿ ಮುಂದಿನ 2 ಮತ.

1819ರ ಕೊನೆಗೆ ಗುಲಾಮಗಿರಿ ಇದ್ದ ರಾಜ್ಯಗಳು 11, ಇಲ್ಲದ ‘ಮುಕ್ತ’ ರಾಜ್ಯಗಳೂ 11. ಮಿಸೌರಿ ಗುಲಾಮಗಿರಿಯ ರಾಜ್ಯವಾಗಿ ಸೇರಲು ಬಂದಾಗ ತಕ್ಕಡಿ ಸಮ ಮಾಡಲು ಮೇನ್ ಅನ್ನು ಮುಕ್ತ ರಾಜ್ಯವಾಗಿ ಸೇರಿಸಿಕೊಂಡರು. ಲೂಸಿಯಾನ ಖರೀದಿಯ (1803ರಲ್ಲಿ ಫ್ರಾನ್ಸ್‌ನಿಂದ ಕೊಂಡ ಪ್ರದೇಶ) ಉಳಿದ ಭೂಮಿಯಲ್ಲಿ 36°30′ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ನಿಷೇಧವಾಯಿತು. 1850ರಲ್ಲಿ ಕ್ಯಾಲಿಫೋರ್ನಿಯಾ ಮುಕ್ತ ರಾಜ್ಯವಾಗಿ ಬಂದು ಸಮತೋಲ ತಪ್ಪಿತು: ಮುಕ್ತ ರಾಜ್ಯ 16, ಗುಲಾಮಗಿರಿಯ ರಾಜ್ಯ 15.

ನಿಜವಾದ ಎಡವಟ್ಟು 1854ರದ್ದು: ಆ ಗೆರೆಯನ್ನೇ ಅಳಿಸಿ, ಮಿಸೌರಿಯ ಪಕ್ಕದ ಹೊಸ ಪ್ರಾಂತ್ಯ ಕಾನ್ಸಸ್‌ನಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂದು ಅಲ್ಲಿ ನೆಲೆಸಿದವರೇ ತೀರ್ಮಾನಿಸಲಿ ಎಂದರು. ಮರುವರ್ಷ ಮಿಸೌರಿಯಿಂದ ಸಾವಿರಾರು ಜನ ಗಡಿ ದಾಟಿ ಬಂದು ಕಳ್ಳಮತ ಹಾಕಿದರು. ಬಂದೂಕುಗಳು ಹೊರಬರಲು ತಡವಾಗಲಿಲ್ಲ.