ರಾತ್ರಿ ಎರಡು ಗಂಟೆಗೆ ಮಾರ್ಕೆಟ್ ನೋಡುವ ಗಂಡ

(ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನಾನು ಆಪ್ತಸಲಹೆ ಕೊಡುವವಳು. ಮೊದಲು ಫೋನ್ ಮಾಡಿದವರು ಹೆಂಡತಿ. 2025ರ ಮಾರ್ಚ್ ಮೊದಲ ವಾರ.

"ಮೇಡಂ, ನಮ್ಮವರಿಗೆ ನಿದ್ದೆ ಅಂತ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅಮೆರಿಕದ ಶೇರ್ ಮಾರ್ಕೆಟ್ ನೋಡ್ತಾರೆ. ಮಗಳಿಗೆ ಸೆಕೆಂಡ್ ಪಿಯು ಪರೀಕ್ಷೆ ನಡೀತಾ ಉಂಟು. ಮಿಕ್ಸಿ ಸದ್ದಾದ್ರೂ ಇವರಿಗೆ ಸಿಟ್ಟು. ಕುಡಿತ ಗಿಡಿತ ಎಂತದೂ ಇಲ್ಲ. ಇದಕ್ಕೆಲ್ಲ ನಿಮ್ಮ ಹತ್ರ ಬರ್ಲಿಕ್ಕೆ ಆಗ್ತದಾ?"

ಆಗ್ತದೆ, ಕರ್ಕೊಂಡು ಬನ್ನಿ ಅಂದೆ.

ಇಲ್ಲಿ ಅವರನ್ನು ರಮಾನಂದ ಅನ್ನೋಣ, ಹೆಂಡತಿಯನ್ನು ವಿನಯಾ. ರಮಾನಂದರಿಗೆ 48. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆಯಲ್ಲಿ ತಾಯಿ, ಹೆಂಡತಿ, ಮಗಳು. ತಮ್ಮ ದುಬೈಯಲ್ಲಿ. ಮಂಗಳೂರಿನ ನನ್ನ ಕೋಣೆಗೆ ಬಂದು ಕೂತವರು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಆದರೆ ಬಲಗೈ ಹೆಬ್ಬೆರಳು ತೊಡೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆಯುತ್ತಲೇ ಇತ್ತು, ಆ್ಯಪ್ ರಿಫ್ರೆಶ್ ಮಾಡುವ ಹಾಗೆ. ಎಳೆದು, ಬಿಟ್ಟು, ಕಾಯುವುದು. ಮತ್ತೆ ಎಳೆಯುವುದು. ತನ್ನ ಬೆರಳು ಹೀಗೆ ಮಾಡುತ್ತಿದೆ ಅಂತ ಅವರಿಗೇ ಗೊತ್ತಿರಲಿಲ್ಲ.

ಅವರ ಕತೆ ಬಹಳ ಜನರ ಕತೆ. 2021ರಲ್ಲಿ ತಿಂಗಳಿಗೆ ಮೂರು ಸಾವಿರದ ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳ ಕಂತು, ಶುರು ಮಾಡಿದ್ದರು. ಮಾರ್ಕೆಟ್ ಏರಿದ ಹಾಗೆ ಎಸ್‌ಐಪಿಯೂ ಏರಿ 15 ಸಾವಿರ ಆಯಿತು. ಹಳೆ ಮನೆಯ ಜಾಗ ಮಾರಿದಾಗ ಪಾಲಿಗೆ ಆರು ಲಕ್ಷ ಬಂತು. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತರೆ ಎಲ್ಲರದ್ದೂ ಅದೇ ಮಾತು, ಇವನಿಗೆ ಇಷ್ಟು ಬಂತು, ಅವನಿಗೆ ಅಷ್ಟು ಬಂತು. "ನಾನೊಬ್ಬ ಎಫ್‌ಡಿ ಹಿಡ್ಕೊಂಡು ಕೂತಿದ್ದೆ ಮೇಡಂ." 2024ರ ಸೆಪ್ಟೆಂಬರ್‌ನಲ್ಲಿ ಆರು ಲಕ್ಷವನ್ನೂ ಒಂದೇ ಏಟಿಗೆ ಸ್ಮಾಲ್ ಕ್ಯಾಪ್ ಫಂಡಿಗೆ, ಅಂದರೆ ಸಣ್ಣ ಕಂಪನಿಗಳ ಷೇರು ಕೊಳ್ಳುವ ಫಂಡಿಗೆ, ಹಾಕಿದರು.

ಅದೇ ತಿಂಗಳ 27ಕ್ಕೆ ದೊಡ್ಡ 50 ಕಂಪನಿಗಳ ಷೇರು ಸೂಚ್ಯಂಕ ನಿಫ್ಟಿ 26,277 ಮುಟ್ಟಿತು. ಅಲ್ಲಿಂದ ಇಳಿಯಲು ಶುರುವಾದದ್ದು ಐದು ತಿಂಗಳು ನಿಲ್ಲಲೇ ಇಲ್ಲ. ಹಾಗೆ ಸತತ ಐದು ತಿಂಗಳು ಇಳಿದದ್ದು 1996ರ ನಂತರ ಅದೇ ಮೊದಲು. ಫೆಬ್ರವರಿ ಮುಗಿಯುವಾಗ ನಿಫ್ಟಿ 22,100ರ ಹತ್ತಿರ ಇತ್ತು. ಸ್ಮಾಲ್ ಕ್ಯಾಪ್ ಅದಕ್ಕಿಂತ ಜಾಸ್ತಿ ಬಿದ್ದಿತ್ತು. ರಮಾನಂದ ಜನವರಿಯಲ್ಲೇ ಎಸ್‌ಐಪಿ ನಿಲ್ಲಿಸಿದ್ದರು. ಇದರಲ್ಲೂ ಅವರು ಒಂಟಿಯಲ್ಲ. ಆ ತಿಂಗಳು ದೇಶದಲ್ಲಿ ಹೊಸದಾಗಿ ಶುರುವಾದ ಎಸ್‌ಐಪಿಗಿಂತ ನಿಂತ ಮತ್ತು ಅವಧಿ ಮುಗಿದ ಎಸ್‌ಐಪಿಗಳ ಲೆಕ್ಕವೇ ದೊಡ್ಡದು. ಫೆಬ್ರವರಿ ಕೊನೆಗೆ ಆರು ಲಕ್ಷದಲ್ಲಿ ಅರ್ಧ ಮಾರಿದರು. ಮೂರು ಲಕ್ಷ ಹೋಗಿ 2 ಲಕ್ಷ 34 ಸಾವಿರ ಕೈಗೆ ಬಂತು.

"ಮಾರಿದ ಮೇಲೆ ನಿದ್ದೆ ಬಂತಾ?" ಅಂತ ಕೇಳಿದೆ.

"ಒಂದು ರಾತ್ರಿ ಬಂತು."

ಸಾಯಬೇಕು ಅನಿಸಿದ್ದುಂಟಾ ಎಂದೂ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ನಂಬಿಕೆ. ಹಾಗೇನೂ ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಳ್ಳಲು ಹೇಳಿದೆ. ದುಡ್ಡಿನ ವಿಷಯದಲ್ಲಿ ಮನಸ್ಸು ಯಾವಾಗ ಕುಸಿಯುತ್ತದೆ ಅಂತ ಹೇಳಲಿಕ್ಕಾಗದು.

ಎರಡನೇ ಭೇಟಿಯಲ್ಲಿ ಅವರ ಬಾಯಲ್ಲಿ ಮತ್ತೆ ಮತ್ತೆ ಬಂದ ಮಾತು "ಮಾರ್ಕೆಟ್ ಸೆಂಟಿಮೆಂಟ್ ಸರಿ ಇಲ್ಲ." ನಮ್ಮಲ್ಲಿ ಸೆಂಟಿಮೆಂಟ್ ಅಂದರೆ ತಾಯಿ ಮಗನ ಸಿನಿಮಾ. ಇವರಿಗೆ ಅದು ಹವಾಮಾನ ವರದಿಯ ಹಾಗೆ. ಹೊರಗೆ ಎಲ್ಲೋ ವಾಯುಭಾರ ಕುಸಿದಿದೆ, ಆದ್ದರಿಂದ ನನಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಸರಿ, ಆ ಸುದ್ದಿಯೆಲ್ಲ ನಿಮ್ಮ ಮನೆಯಲ್ಲಿ ಯಾರಿಗೆ ಏನು ಮಾಡಿತು, ಹೇಳಿ ನೋಡುವಾ ಅಂದೆ.

ವಿದೇಶಿ ಹೂಡಿಕೆದಾರರು ಅಕ್ಟೋಬರ್‌ನಿಂದ ಮಾರುತ್ತಲೇ ಇದ್ದರು. ಫೆಬ್ರವರಿಯಲ್ಲಿ ಡಾಲರ್ 87 ರೂಪಾಯಿ ದಾಟಿತು. ಅದನ್ನು ಟಿವಿಯಲ್ಲಿ ನೋಡಿ ರಮಾನಂದರು ಅನ್ನ ಬಿಟ್ಟು ಎದ್ದರು. ಅದೇ ಸಂಜೆ ದುಬೈಯಿಂದ ತಮ್ಮನ ಫೋನು. "ಅಣ್ಣಾ, ರೇಟ್ ಒಳ್ಳೆದುಂಟು. ಈ ತಿಂಗಳದ್ದು ಈಗಲೇ ಕಳಿಸ್ತೇನೆ." ಒಂದು ದಿರ್ಹಮ್‌ಗೆ 23 ರೂಪಾಯಿಗಿಂತ ಮೇಲೆ ಸಿಗುತ್ತಿತ್ತು. ಆ ಫೆಬ್ರವರಿ 7ಕ್ಕೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 6.50ರಿಂದ 6.25ಕ್ಕೆ ಇಳಿಸಿತು, ಸುಮಾರು ಐದು ವರ್ಷದಲ್ಲಿ ಮೊದಲ ಸಲ. ಮನೆಸಾಲದ ಕಂತು ಹಗುರಾಗಬಹುದು ಅಂತ ವಿನಯಾಗೆ ಸಮಾಧಾನ. ಎಫ್‌ಡಿ ಬಡ್ಡಿ ಕಮ್ಮಿಯಾದರೆ ತಿಂಗಳ ಮಾತ್ರೆ ಖರ್ಚಿಗೆ ಯಾರ ಹತ್ತಿರ ಕೇಳುವುದು ಅಂತ ತಾಯಿಗೆ ಚಿಂತೆ. ಒಂದೇ ಸೂರು, ಒಂದೇ ಸುದ್ದಿ.

ಇದನ್ನೆಲ್ಲ ಹೇಳುತ್ತಾ ರಮಾನಂದರಿಗೇ ಸ್ವಲ್ಪ ನಗು ಬಂತು. "ಹಾಗಾದರೆ ಸೆಂಟಿಮೆಂಟ್ ಯಾರದ್ದು ಮೇಡಂ?" ಅಂದರು. ನಾನು ಉತ್ತರ ಹೇಳಲಿಲ್ಲ. ಆ ಪ್ರಶ್ನೆ ಅವರ ಹತ್ತಿರ ಇನ್ನೊಂದು ವಾರ ಇರಲಿ ಅನಿಸಿತು.

ಆ ದಿನ ಒಂದು ಸಣ್ಣ ಲೆಕ್ಕ ಮಾತ್ರ ಹೇಳಿದೆ. ಏರುವ ಮಾರ್ಕೆಟ್ಟನ್ನೂ ದಿನಾ ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ದಿನ ಕೆಂಪೇ, ಅಂದರೆ ಇಳಿಕೆಯೇ, ಕಾಣುತ್ತದೆ. ಸಾವಿರ ರೂಪಾಯಿ ಹೋದ ನೋವು ಸಾವಿರ ರೂಪಾಯಿ ಬಂದ ಖುಷಿಗಿಂತ ಸುಮಾರು ಎರಡು ಪಟ್ಟು ಅಂತ ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್, ಟ್ವೆರ್‌ಸ್ಕಿ ಹೇಳಿದ್ದಾರೆ. ಅಂದರೆ ದಿನಕ್ಕೆ ನಲವತ್ತು ಸಲ ನೋಡುವವರು ಲಾಭದಲ್ಲಿದ್ದರೂ ನೋವಿನಲ್ಲೇ ಇರುತ್ತಾರೆ. ನಮ್ಮ ಮಾರ್ಕೆಟ್ 9.15ಕ್ಕೆ ತೆರೆದು 3.30ಕ್ಕೆ ಮುಚ್ಚುತ್ತದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ವಹಿವಾಟು, ಗಿಫ್ಟ್ ನಿಫ್ಟಿ, ಬೆಳಿಗ್ಗೆ 6.30ಕ್ಕೆ ಶುರುವಾಗಿ ನಡುವೆ ಸ್ವಲ್ಪ ಬಿಡುವು ಬಿಟ್ಟರೆ ಮಧ್ಯರಾತ್ರಿ ಕಳೆದ ಮೇಲೂ ಓಡುತ್ತಿರುತ್ತದೆ. ನೋಡಬೇಕು ಅನ್ನುವವರಿಗೆ ಮುಚ್ಚಿದ ಬಾಗಿಲು ಅಂತ ಈಗ ಇಲ್ಲ.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. 2020ರ ಮಾರ್ಚ್ 23ಕ್ಕೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 3,935 ಅಂಕ ಬಿದ್ದ ವಾರದಲ್ಲಿ ನಾನೂ ಇದ್ದದ್ದನ್ನು ಮಾರಿ ಕೂತಿದ್ದೆ. ನವೆಂಬರ್‌ಗೆ ಅದು ಮತ್ತೆ ಜನವರಿಯ ಎತ್ತರಕ್ಕೆ ಬಂದಾಗ ನನ್ನ ಹತ್ತಿರ ಏನೂ ಇರಲಿಲ್ಲ. ಆದ್ದರಿಂದ "ಹೆದರಬೇಡಿ" ಅಂತ ಯಾರಿಗೂ ಸುಮ್ನೆ ಹೇಳುವುದಿಲ್ಲ.

ಮೂರನೇ ಭೇಟಿ ಏಪ್ರಿಲ್ ಎರಡನೇ ವಾರ. ಅಷ್ಟರಲ್ಲಿ ಎರಡು ಸಂಗತಿ ಆಗಿದ್ದವು. 7ನೇ ತಾರೀಕು ಸೋಮವಾರ ಅಮೆರಿಕದ ಸುಂಕದ ಗಲಾಟೆಗೆ ಸೆನ್ಸೆಕ್ಸ್ 2,226 ಅಂಕ ಕುಸಿಯಿತು. ಮರುದಿನ ಪಿಯು ಫಲಿತಾಂಶ. ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇವರ ಮಗಳಿಗೆ ಡಿಸ್ಟಿಂಕ್ಷನ್. ಅವಳು ಓಡಿಬಂದು "ಅಪ್ಪಾ" ಅಂದಾಗ ಅಪ್ಪ "ಒಂದು ನಿಮಿಷ" ಅಂತ ಕೈ ಅಡ್ಡ ಹಿಡಿದು ಸ್ಕ್ರೀನ್ ನೋಡುತ್ತಿದ್ದರಂತೆ. ಹುಡುಗಿ ಒಳಗೆ ಹೋದಳು. ಇದನ್ನು ಹೇಳಿದ್ದು ವಿನಯಾ ಅಲ್ಲ, ರಮಾನಂದರೇ. ಹೇಳಿ ಬಹಳ ಹೊತ್ತು ನೆಲ ನೋಡಿದರು.

ಆಮೇಲೆ ಅಸಲು ವಿಷಯ ಬಂತು. ಹೋದ ದುಡ್ಡನ್ನು ಬೇಗ ವಾಪಸ್ ತರಬೇಕು ಅಂತ ಮಾರ್ಚ್‌ನಲ್ಲಿ ಆಪ್ಷನ್ಸ್ ಆಡಿದ್ದರು, ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟುವ ವಹಿವಾಟು. 48 ಸಾವಿರ ಹೋಗಿತ್ತು. ವಿನಯಾಗೆ ಗೊತ್ತಿರಲಿಲ್ಲ. 2021-22ರಿಂದ 2023-24ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇಂಥ ಫ್ಯೂಚರ್ಸ್ ಆಪ್ಷನ್ಸ್‌ಗೆ ಇಳಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಲೆಕ್ಕ ಕೊಟ್ಟಿದೆ. ಅದನ್ನು ಹೇಳಿದೆ. ಅವರಿಗೆ ಅದು ಮುಖ್ಯವಾಗಿ ಕಾಣಲಿಲ್ಲ. "ಇವಳಿಗೆ ಹೇಗೆ ಹೇಳುವುದು?" ಅಂದರು. ರಾತ್ರಿ ಎಬ್ಬಿಸುತ್ತಿದ್ದದ್ದು ಅಮೆರಿಕದ ಮಾರ್ಕೆಟ್ ಅಲ್ಲ ಅಂತ ನನಗೆ ಖಚಿತವಾದದ್ದು ಆಗ. ವಿನಯಾ ಹೊರಗೆ ಬೆಂಚಿನಲ್ಲೇ ಕೂತಿದ್ದರು. ಒಳಗೆ ಕರೆಯಲಾ ಅಂತ ಕೇಳಿದೆ. ತಲೆಯಾಡಿಸಿದರು.

ಕೇಳಿಸಿಕೊಂಡ ವಿನಯಾ ಅಳಲಿಲ್ಲ. "ಅಷ್ಟೇಯಾ? ಬೇರೆ ಎಂತದ್ದಾದರೂ ಉಂಟಾ? ಇದ್ದರೆ ಇವತ್ತೇ ಹೇಳಿ" ಅಂದರು. ಬೇರೆ ಇರಲಿಲ್ಲ. ಸಿಟ್ಟು ಮನೆಗೆ ಹೋದ ಮೇಲೆ ಬಂದಿರಬೇಕು, ಬರಬೇಕಾದದ್ದೇ.

ನಾನು ಕೊಟ್ಟ ಸಲಹೆ ಇಷ್ಟು. ಒಂದು ಹಾಳೆಯಲ್ಲಿ ಮನೆಗೆ ದುಡ್ಡು ಯಾವ ತಿಂಗಳು, ಯಾಕೆ, ಎಷ್ಟು ಬೇಕು ಅಂತ ಇಬ್ಬರೂ ಕೂತು ಬರೆಯಿರಿ. ಮಾರ್ಕೆಟ್ ವಿಷಯ ಅದರಲ್ಲಿ ಬೇಡ. ಬರೆದು ತಂದರು. ಮೊದಲ ಸಾಲು: ಜೂನ್, ಮಗಳ ಕಾಲೇಜಿಗೆ 1 ಲಕ್ಷ 80 ಸಾವಿರ. ಎರಡನೆಯದು ತಾಯಿಯ ಮೊಣಕಾಲಿನ ಆಪರೇಷನ್, ಮುಂದಿನ ವರ್ಷ. ಕೊನೆಯ ಸಾಲು ನಿವೃತ್ತಿ, ಹತ್ತು ವರ್ಷಕ್ಕೆ. ಹಾಳೆ ನೋಡಿ ರಮಾನಂದರಿಗೆ ಹೇಳಿದೆ, ನಿಮ್ಮ ಹೆದರಿಕೆ ಸರಿಯೇ ಇತ್ತು. ಜೂನ್‌ಗೆ ಬೇಕಾದ ದುಡ್ಡು ಸ್ಮಾಲ್ ಕ್ಯಾಪ್‌ನಲ್ಲಿ ಕೂತರೆ ಯಾರಿಗಾದರೂ ಹೆದರಿಕೆ ಆಗಬೇಕು. ವಿನಯಾ ನಡುವೆ ಬಾಯಿ ಹಾಕಿದರು, "ಮಳೆಗಾಲದ ಕಟ್ಟಿಗೆಯನ್ನು ಯಾರಾದ್ರೂ ಅಂಗಳದಲ್ಲಿ ಇಡ್ತಾರಾ?"

ಮಾರಿ ಬಂದದ್ದರಲ್ಲಿ ಆಪ್ಷನ್ಸ್ ನುಂಗಿ ಉಳಿದದ್ದು 1 ಲಕ್ಷ 86 ಸಾವಿರ. ಅದು ಬ್ಯಾಂಕಿನಲ್ಲೇ ಇರಲಿ, ಮುಟ್ಟಬೇಡಿ ಅಂದೆ. ಫಂಡ್ ಯಾವುದು, ಯಾವಾಗ ಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ, ಅದು ನನ್ನ ಕೆಲಸ ಅಲ್ಲ. ಕಮಿಷನ್ ಬದಲು ಶುಲ್ಕ ತೆಗೆದುಕೊಳ್ಳುವ, ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರ ಹತ್ತಿರ ಕಳಿಸಿದೆ. ಫೋನಿನಲ್ಲಿ ಆಪ್ಷನ್ಸ್ ಬಾಗಿಲು ಮುಚ್ಚಿಸಿ, ಅದನ್ನು ವಿನಯಾರ ಎದುರೇ ಮಾಡಿ ಅಂದೆ. ರಾತ್ರಿ ಫೋನು ತಾಯಿಯ ಕೋಣೆಯ ಕಪಾಟಿನಲ್ಲಿ. ಅಲಾರಂಗೆ ಮುನ್ನೂರು ರೂಪಾಯಿಯ ಗಡಿಯಾರ. ಮಗಳ ವಿಷಯಕ್ಕೆ ಮಾತ್ರ ನಾನು ಯಾವ ಉಪಾಯವನ್ನೂ ಕೊಡಲಿಲ್ಲ. ಆ "ಒಂದು ನಿಮಿಷ"ಕ್ಕೆ ಕ್ಷಮೆ ಕೇಳಿ, ಕಾರಣ ಹೇಳಬೇಡಿ ಅಂದೆ, ಅಷ್ಟೇ.

ಮಾತಿನ ನಡುವೆ ಹಿಂದೆ ನಿಮ್ಮ ಮನೆಯಲ್ಲಿ ದುಡ್ಡು ಹೇಗೆ ಕೂಡಿಡುತ್ತಿದ್ದರು ಅಂತ ಕೇಳಿದ್ದೆ. ಅವರಿಗೆ ದಿನದ ಉಳಿತಾಯ ವಸೂಲಿಗೆ ಮನೆಗೆ ಬರುತ್ತಿದ್ದ ಪಿಗ್ಮಿಯವರ ನೆನಪಾಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಹಾಗೆ ಶುರು ಮಾಡಿದ್ದು. ಇವರ ಬಾಲ್ಯದಲ್ಲಿ ಸಂಜೆ ಸೈಕಲಿನಲ್ಲಿ ಬಂದು, ಅಮ್ಮ ಕೊಟ್ಟ ಚಿಲ್ಲರೆ ಎಣಿಸಿ, ಕಾರ್ಡಿನಲ್ಲಿ ಬರೆದು ಹೋಗುತ್ತಿದ್ದರಂತೆ. "ಅದೇ ಒಳ್ಳೆದಿತ್ತು ಮೇಡಂ, ಇನ್ನು ಅದನ್ನೇ ಮಾಡ್ತೇನೆ" ಅಂದರು. ಹಾಗೆ ಹಾರಬೇಡಿ ಅಂದೆ. ಪಿಗ್ಮಿಯಲ್ಲಿ ಹಾಕಿದ್ದು ಕರಗುತ್ತಿರಲಿಲ್ಲ, ಬೆಲೆಯೇರಿಕೆಯನ್ನು ಮೀರಿ ಬೆಳೆಯುತ್ತಲೂ ಇರಲಿಲ್ಲ. ಎರಡೂ ಒಂದೇ ಅಲ್ಲ. ಆದರೆ ಪಿಗ್ಮಿಯವರು ಬಾಗಿಲಲ್ಲಿ ನಿಂತು ಇವತ್ತು ನಿಮ್ಮ ಹಣ ಎಷ್ಟಾಗಿದೆ ಅಂತ ದಿನಾ ಕೂಗುತ್ತಿರಲಿಲ್ಲ ಅಲ್ವಾ, ಅದನ್ನು ಮಾತ್ರ ಅವರಿಂದ ತೆಗೆದುಕೊಳ್ಳಿ.

ಜುಲೈಯಲ್ಲಿ ಬಂದಾಗ ನಿಫ್ಟಿ 25 ಸಾವಿರ ದಾಟಿ ಕೂತಿತ್ತು. ಈಗ ಬೇರೆ ನೋವು: "ಮಾರದಿದ್ದರೆ ಇಷ್ಟೊತ್ತಿಗೆ..." ಇಳಿದಾಗ ಹೆದರಿಕೆ, ಏರಿದಾಗ ಹೊಟ್ಟೆಯುರಿ. ಆ ದಿನ ಪೂರ್ತಿ ಅದರ ಬಗ್ಗೆಯೇ ಮಾತಾಡಿದೆವು. ಕಾಲೇಜಿನ ಫೀಸು ಕಟ್ಟಿ ಆಗಿತ್ತು. ಎಸ್‌ಐಪಿಯನ್ನು ಆರು ಸಾವಿರಕ್ಕೆ ಮತ್ತೆ ಶುರು ಮಾಡಿದ್ದಾರೆ. ಮಗಳು ಮಾತಾಡುತ್ತಾಳೆ, ಮೊದಲಿನಷ್ಟು ಇಲ್ಲ.

"ಈಗ ದಿನಕ್ಕೆ ಎಷ್ಟು ಸಲ ನೋಡ್ತೀರಿ?" ಅಂದೆ.

"ಸುಳ್ಳು ಹೇಳುವುದಿಲ್ಲ ಮೇಡಂ. ಮಧ್ಯಾಹ್ನ ಊಟಕ್ಕೆ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ."

ಬೆರಳು ತೊಡೆಯ ಮೇಲೆ ಸುಮ್ಮನೆ ಇತ್ತು. ಚೌತಿ ಕಳೆದ ಮೇಲೆ ಮತ್ತೊಮ್ಮೆ ಬರುತ್ತೇವೆ ಅಂದಿದ್ದಾರೆ.