ದೀಪದ ಹೆಂಗಸೂ ಬೆಲ್ಲದ ಅಚ್ಚೂ

ಪತ್ರ: ಮೈಸೂರಿನ ಒಂದು ಗ್ಯಾಲರಿ ಹತ್ತು ವರ್ಷ ತುಂಬ್ತು ಅಂತ ಗ್ರೂಪ್ ಶೋ ಇಟ್ಟಿದೆ, ಮಗಳ ಬಲವಂತಕ್ಕೆ ಹೋಗಿದ್ದೆ. ಒಂದೂ ಅರ್ಥ ಆಗ್ಲಿಲ್ಲ. ನಮ್ಮ ಕಡೆ ಆಲೆಮನೆಯ ಹಳೇ ಬೆಲ್ಲದ ಅಚ್ಚಿನ ಹಲಗೆಗಳನ್ನ ಗೋಡೆಗೆ ಹೊಡೆದು ಅದನ್ನೂ ಕಲೆ ಅಂತಾರೆ. ಗುಳಿಯಲ್ಲಿ ಇನ್ನೂ ಬೆಲ್ಲ ಅಂಟಿತ್ತು, ಇರುವೆ ಹತ್ತಿತ್ತು! ಜಗನ್ಮೋಹನ ಅರಮನೇಲಿರೋ ರವಿವರ್ಮನ ದೀಪದ ಹೆಂಗಸಿನ ಮುಂದೆ ಇದೆಲ್ಲ ಏನು ಸ್ವಾಮಿ?
– ನಿವೃತ್ತ ಮೇಷ್ಟ್ರು, ಮಂಡ್ಯ

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಕಡೆ ನ್ಯಾಯ ಹೇಳ್ಬಿಡ್ತೀನಿ. ಚಿತ್ರದ ಪಕ್ಕದ ಚೀಟಿಗಳೆಲ್ಲ ಇಂಗ್ಲಿಷಲ್ಲೇ ಇದ್ವು, ನಾನೂ ನೋಡ್ದೆ, ಅದನ್ನ ಓದಿದ್ರೆ ಗೊತ್ತಿದ್ದದ್ದೂ ಮರ್ತುಹೋಗುತ್ತೆ. ತಪ್ಪೇ. ಆಯ್ತಲ್ಲ, ಈಗ ನನ್ನ ಮಾತು ಕೇಳಿ.

ಆ ದೀಪದ ಹೆಂಗಸು ರವಿವರ್ಮಂದಲ್ಲ. ರವಿವರ್ಮ ತೀರ್ಕೊಂಡಿದ್ದು 1906ರಲ್ಲಿ. ಇದನ್ನ ಬರೆದದ್ದು ಸಾವಂತವಾಡಿಯ ಎಸ್.ಎಲ್. ಹಲ್ದಣ್ಕರ್, 1940ರ ದಶಕದಲ್ಲಿ, ಅದೂ ವಾಟರ್ ಕಲರಲ್ಲಿ, ಮಗಳ ಕೈಗೇ ದೀಪ ಕೊಟ್ಟು ನಿಲ್ಲಿಸ್ಕೊಂಡು. ನಿಮ್ಮೊಬ್ಬರದ್ದೇ ಅಲ್ಲ ಬಿಡಿ, ಮೈಸೂರಲ್ಲೇ ಹುಟ್ಟಿ ಬೆಳೆದೋರೂ ಹಂಗೇ ಹೇಳ್ತಾರೆ. ಸ್ಕೂಲ್ ಟ್ರಿಪ್ಪಲ್ಲಿ ಹೋಗ್ತೀವಿ, ಲೈಟ್ ಆರಿಸಿ ತೋರಿಸ್ತಾರೆ, 'ಆಹಾ' ಅಂತೀವಿ, ಹೆಸರು ಓದದೆ ಮುಂದಕ್ಕೆ ಹೋಗ್ತೀವಿ. ನನ್ನ ಸಂಕಟ ಇದೇ ಮೇಷ್ಟ್ರೇ, ನಾವು ಚಿತ್ರನ ಮೆಚ್ಕೋತೀವಿ, ನೋಡಲ್ಲ.

ಇನ್ನು ರವಿವರ್ಮನ ಎಣ್ಣೆಬಣ್ಣ ತಾನೇ ಏನು, ಗೆಸ್ಸೋ ಅನ್ನೋ ಅಂಟಿನ ಲೇಪ ಉಬ್ಬೋ ಹಂಗೆ ಎತ್ತಿ ಚಿನ್ನದ ರೇಕು ಅಂಟಿಸ್ತಿದ್ದ ನಮ್ಮ ಮೈಸೂರು ಶೈಲಿಯೋರಿಗೆ ಅದೂ ಒಂದು ಕಾಲಕ್ಕೆ ಹೊಸಾ ವಿದ್ಯೆಯೇ ಅಲ್ವಾ. ಅರ್ಥ ಆಗ್ಲಿಲ್ಲ ಅಂತೀರಿ. ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲಿನ 8ನೇ ಕ್ರಾಸಲ್ಲಿ ಕಚೇರಿ ಕೇಳೋಕೆ ಜನ ರಸ್ತೇಲಿ ಕೂತಿರ್ತಾರಲ್ಲ, ಅರ್ಧ ಗಂಟೆ ತೋಡಿ ರಾಗದ ಆಲಾಪನೆ ಮಾಡಿದ್ರೆ ಯಾವನಾದ್ರೂ ಎದ್ದು 'ಇದರ ಅರ್ಥ ಏನ್ರೀ' ಅಂತಾನಾ? ತಲೆ ತೂಗ್ತಾನೆ. ಬಾಗಿಲ ಮುಂದಿನ ರಂಗೋಲಿಗೂ ನಾವು ಅರ್ಥ ಕೇಳಲ್ಲ. ಕಿವಿಗೆ, ಹೊಸ್ತಿಲಿಗೆ ಕೊಟ್ಟ ಸಲಿಗೆ ಗೋಡೆಗೆ ಯಾಕೆ ಕೊಡಲ್ಲ?

ಗೋಡೆ ಅಂದ್ಮೇಲೆ ನೆನಪಾಯ್ತು. ಹೋದ ತಿಂಗಳು ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ, ಫಾಲ್ಸ್ ಸೀಲಿಂಗಿಗೇ ಲಕ್ಷಗಟ್ಟಲೆ ಸುರಿದಿದ್ದಾರೆ, ಹಾಲಿನ ಗೋಡೆ ಮೇಲೆ ಮಾತ್ರ ಏಳು ಕುದುರೆ ಓಡೋ ಪ್ರಿಂಟು, ವಾಸ್ತುಗೆ ಒಳ್ಳೇದಂತೆ! ಇದೇ ಊರಲ್ಲಿ ಕಾವಾ ಅನ್ನೋ ಸರ್ಕಾರಿ ಚಿತ್ರಕಲಾ ಕಾಲೇಜಿದೆ, 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಮುಂದುವರಿಕೆ. ಅಲ್ಲಿಂದ ಹೊರಗೆ ಬಂದ ಹುಡುಗ ಹುಡುಗೀರು ಚಿತ್ರ ಮಾರ್ಬೇಕು ಅಂದ್ರೆ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಗಂಟು ಕಟ್ಕೊಂಡು ಹೋಗಿ ಕುಮಾರಕೃಪಾ ರಸ್ತೇಲಿ ಕೂರ್ಬೇಕು. ಇಂಥದ್ರಲ್ಲಿ ಬಾಡಿಗೆ, ಕರೆಂಟು ಬಿಲ್ಲು ಕಟ್ಕೊಂಡು ಒಂದು ಗ್ಯಾಲರಿ ಹತ್ತು ವರ್ಷ ಬಾಗಿಲು ತೆರೆದಿಟ್ಟಿದೆ ಅಂದ್ರೆ ನಂಗೆ ಕೈ ಮುಗಿಯೋಣ ಅನ್ಸುತ್ತೆ.

ಪತ್ರಿಕೆಯೋರು ಮಾಡಿದ್ದೇನು? ಉದ್ಘಾಟನೆ ದಿನ ಪೇಟ, ಶಾಲು, ಹಣ್ಣಿನ ಬುಟ್ಟಿ ಹಿಡ್ಕೊಂಡ ಗಣ್ಯರ ಫೋಟೋ ಹಾಕಿದ್ವಿ, ಅವರ ಬೆನ್ನ ಹಿಂದೆ ಚಿತ್ರ ಅರ್ಧ ಮುಚ್ಚಿಹೋಗಿತ್ತು. ಹೌದು, ನಮ್ಮ ಪತ್ರಿಕೇಲೂ. ಯಾವ ಮುಖ ಇಟ್ಕೊಂಡು ನಿಮಗೆ ಬುದ್ಧಿ ಹೇಳ್ತಿದೀನೋ ಗೊತ್ತಿಲ್ಲ.

ಆದ್ರೂ ಒಂದು ಕೇಳ್ತೀನಿ. ಗುಳಿಯಲ್ಲಿ ಬೆಲ್ಲ ಅಂಟಿತ್ತು, ಇರುವೆ ಹತ್ತಿತ್ತು ಅಂತ ಬರ್ದಿದೀರಲ್ಲ, ನಾನು ಎರಡು ಸಲ ಹೋಗಿದ್ರೂ ನಂಗದು ಕಾಣ್ಲಿಲ್ಲ ಮೇಷ್ಟ್ರೇ. ನೀವು ಬಗ್ಗಿ, ಕನ್ನಡಕ ಸರಿ ಮಾಡ್ಕೊಂಡು ನೋಡಿದೀರಿ. ಕೊಪ್ಪರಿಗೆಯ ವಾಸ್ನೆ ನೆನಪಾಗಿರ್ಬೇಕು, ಅದನ್ನ ಮಾತ್ರ ಬರೀಲಿಲ್ಲ. ಭಾನುವಾರದವರೆಗೂ ಶೋ ಇದೆ, ಮಗಳನ್ನ ಬಿಟ್ಟು ಒಬ್ಬರೇ ಬನ್ನಿ, ಆ ಇರುವೆ ನಂಗೂ ತೋರಿಸಿ.